ಹಟ್ಟಿಯ ಮನೆಯಲ್ಲೊಂದು ಪುಟ್ಟ ಕಡಲು



ಚಿನ್ನದ ಗಣಿಗೆ ಹೆಸರಾದ ರಾಯಚೂರು ಜಿಲ್ಲೆಯ ಹಟ್ಟಿಯಿಂದ ಕಡಲು ನೇರ ಗೆರೆಯಲ್ಲಿ ಅಳೆದರೂ ಸುಮಾರು 300 ಕಿ.ಮೀ. ದೂರ. ಅಲ್ಲಿನ ಮನೆಯೊಂದರ ಗಾಜಿನ ತೊಟ್ಟಿಯಲ್ಲಿ ಕಡಲ ಮೀನುಗಳನ್ನು ಸಾಕಬಹುದೇ? ಸಾಕಬಹುದು. ಆದರೆ ಮೀನು ಸಾಕುವ ಮೊದಲು ನೀರನ್ನು ಸಾಕಲು ಕಲಿಯಬೇಕು.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಡುಗೆ ಉಪ್ಪು ಅವುಗಳಲ್ಲಿ ಒಂದು ಮಾತ್ರ. ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವೂ ಬೇಕು. ಆದ್ದರಿಂದ ಅಕ್ವೇರಿಯಂಗೆಂದೇ ತಯಾರಾದ ಲವಣ ಮಿಶ್ರಣವನ್ನು ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಬೇಕು. ಗಡಸಾದ ಬೋರ್‌ವೆಲ್ ನೀರು ಇದಕ್ಕೆ ಒಗ್ಗದು. ಹೈಡ್ರೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ ಸುಮಾರು 1.025 ಇದ್ದರೆ ನೀರು ಹದವಾಗಿದೆ ಎಂದರ್ಥ.

ನೀರು ಸಿದ್ಧವಾಯಿತೆಂದು ಕೂಡಲೇ ಮೀನು ಬಿಡಬೇಡಿ. ಮೀನಿನ ವಿಸರ್ಜನೆಯಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆ ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಕಣ್ಣಿಗೆ ಕಾಣದ ಈ ಜೀವಿಗಳು ಕಲ್ಲು, ಮರಳುಗಳಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಉಳಿಯುವ ನೈಟ್ರೇಟನ್ನು ತಗ್ಗಿಸಲು ಒಂದೆರಡು ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರನ್ನು ಬದಲಿಸಬೇಕು.

ಹಟ್ಟಿಯಲ್ಲಿ ದೊಡ್ಡ ಪರೀಕ್ಷೆಯೆಂದರೆ ಬೇಸಿಗೆ. ಹೊರಗೆ 40 ಡಿಗ್ರಿ ದಾಟಿದರೂ ತೊಟ್ಟಿಯ ನೀರು 25ರಿಂದ 27 ಡಿಗ್ರಿಯ ಆಸುಪಾಸಿನಲ್ಲಿರಬೇಕು. ನೀರಿನ ಮೇಲೆ ಫ್ಯಾನಿನ ಗಾಳಿ ಬಿಟ್ಟರೆ ಶಾಖ ತುಸು ಇಳಿಯುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವ ತತ್ತ್ವವೇ ಇದು. ಕಡುಬೇಸಿಗೆಯಲ್ಲಿ ಇಷ್ಟು ಸಾಲದು, ತಂಪುಗೊಳಿಸುವ ಯಂತ್ರವೇ ಬೇಕಾಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ, ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಕೈಗೆ ಸಿಗುವಂತಿರಲಿ.

ಇಲ್ಲಿ ಒಂದು ಲೆಕ್ಕ. 100 ಲೀಟರ್ ನೀರಿನಲ್ಲಿ 3.5 ಕಿಲೋ ಲವಣವಿದೆ. 5 ಲೀಟರ್ ಆವಿಯಾದರೆ ಲವಣ ಅಷ್ಟೇ ಉಳಿದು, ಲೀಟರಿಗೆ 36.8 ಗ್ರಾಂ ಆಗುತ್ತದೆ. ಹಾಗಾದರೆ ತುಂಬಬೇಕಾದದ್ದು ಉಪ್ಪು ನೀರೋ, ಸಿಹಿ ನೀರೋ? ಸಿಹಿ ನೀರು. ಹಲವರು ಎಡವುವುದು ಇಲ್ಲಿಯೇ.

ಇನ್ನು ಹವಳ. ಅದು ಕಲ್ಲಲ್ಲ, ಗಿಡವಲ್ಲ, ಪ್ರಾಣಿ. ಅದರ ಮೈಯೊಳಗಿನ ಏಕಕೋಶ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ನೀರಿನ ಶಾಖ ವಾಡಿಕೆಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಇದೇ. ತೊಟ್ಟಿಗೆ ಫ್ಯಾನು ಇಡಬಹುದು. ಕಡಲಿಗೆ ಇಡುವವರು ಯಾರು?

ಆದ್ದರಿಂದ ನಮ್ಮ ಕಡಲಿನ ಹವಳವನ್ನು ಮನೆಗೆ ತರುವ ಆಸೆ ಬೇಡ. ಹವಳಗಳನ್ನು ಮತ್ತು ಕಡಲ್ಗುದುರೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿಸಲಾಯಿತು; ಅವುಗಳನ್ನು ಕಡಲಿನಿಂದ ಕೀಳುವುದು, ಮಾರುವುದು ಅಪರಾಧ. ನಿಮ್ಮ ತೊಟ್ಟಿಗೆ ಸುಣ್ಣದ ಕಲ್ಲು ಸಾಕು. ಕೋಡಂಗಿ ಮೀನು ಹ್ಯಾಚರಿಯಲ್ಲೇ ಮರಿ ಮಾಡುತ್ತದೆ. ಅಂಥ ಒಂದು ಜೋಡಿಯನ್ನು ಕೇಳಿ ತನ್ನಿ. ಹವಳವನ್ನು ನೋಡಲೇಬೇಕೆನಿಸಿದರೆ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪವಿದೆ. ಅಲ್ಲಿಂದ ನೀವು ತರಬೇಕಾದದ್ದು ನೆನಪನ್ನು ಮಾತ್ರ.