ಕರೆಂಟಿಲ್ಲದ ಜಮೀನು ಕೊಳ್ಳುವ ಮುನ್ನ ಹಾಲು ಉತ್ಪಾದಕರು ನೋಡಬೇಕಾದ್ದೇನು?



ಊರೊಳಗಿನ ಕೊಟ್ಟಿಗೆ ಇಕ್ಕಟ್ಟಾಗಿದೆ, ತಿಪ್ಪೆಗೆ ಜಾಗವಿಲ್ಲ, ಅಕ್ಕಪಕ್ಕದವರ ತಕರಾರು ಬೇರೆ. ಈ ಕಾರಣಗಳಿಗಾಗಿ ಊರ ಹೊರಗೆ ಎರಡು ಮೂರು ಎಕರೆ ಕೊಂಡು, ಅಲ್ಲಿಯೇ ಮನೆ ಮತ್ತು ಕೊಟ್ಟಿಗೆ ಮಾಡಿಕೊಳ್ಳುವ ಆಲೋಚನೆ ಹಲವು ಸದಸ್ಯರಿಗಿದೆ. ವಿದ್ಯುತ್ ಸಂಪರ್ಕವಿಲ್ಲದ, ಊರಿನಿಂದ ದೂರವಿರುವ ಜಮೀನು ಸ್ವಲ್ಪ ಅಗ್ಗಕ್ಕೆ ಸಿಗುವುದರಿಂದ ಅದರ ಕಡೆಗೆ ಮನಸ್ಸು ಬೇಗ ಹೋಗುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. "ನಾಳೆ ಪೇಟೆಯವರು ಬಂದು ಮುಂಗಡ ಕೊಡುತ್ತಾರೆ" ಎಂದು ಮಧ್ಯವರ್ತಿ ಅವಸರಪಡಿಸುವುದೂ ಉಂಟು. ಆತುರಗಾರನಿಗೆ ಬುದ್ಧಿ ಮಟ್ಟ. ಹಲವು ವರ್ಷದ ಹಾಲಿನ ಬಟವಾಡೆ ಉಳಿಸಿದ ಹಣ ಅದು. ಮುಂಗಡ ಕೊಡುವ ಮುನ್ನ ಕೆಳಗಿನ ಸಂಗತಿಗಳನ್ನು ಒಂದೊಂದಾಗಿ ನೋಡಿ.

ಯಾವಾಗ ನೋಡಬೇಕು?

ಗೌರಿ ಹಬ್ಬದ ಹೊತ್ತಿಗೆ ಎಲ್ಲ ಹೊಲವೂ ಹಸಿರೇ, ಎಲ್ಲ ಬಾವಿಯಲ್ಲೂ ನೀರೇ. ಬೆಳ್ಳಗಿರುವುದೆಲ್ಲ ಹಾಲಲ್ಲ. ಜಮೀನನ್ನು ಕನಿಷ್ಠ ಎರಡು ಸಲ ನೋಡಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ ನೋಡಿದರೆ ನೀರಿನ ನಿಜ ತಿಳಿಯುತ್ತದೆ. ಜೋರು ಮಳೆ ಬಿದ್ದ ಮಾರನೆಯ ದಿನ ಒಮ್ಮೆ ನೋಡಿದರೆ ದಾರಿಯ ನಿಜ, ನೀರು ನಿಲ್ಲುವ ಜಾಗದ ನಿಜ ತಿಳಿಯುತ್ತದೆ. ಎರಡನೆಯ ಸಲ ಮನೆಯ ಹೆಂಗಸರನ್ನು ಕರೆದುಕೊಂಡು ಹೋಗಿ. ಏಕೆಂಬುದನ್ನು ಮುಂದಿನ ಲೆಕ್ಕ ಹೇಳುತ್ತದೆ.

ನೀರಿನ ಲೆಕ್ಕ

ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು ದಿನಕ್ಕೆ ಸುಮಾರು 70 ಲೀಟರ್ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು ಬೇಕು. ನಾಲ್ಕು ಹಸುಗಳಿಗೆ 280 ಲೀಟರ್. ಎರಡು ಕರುಗಳಿಗೆ 50, ಮೈ ತೊಳೆಯಲು ಮತ್ತು ಕೊಟ್ಟಿಗೆ ಶುಚಿಗೆ 160, ಗೋಬರ್ ಗ್ಯಾಸಿಗೆ ಸಗಣಿ ಕಲಸಲು 50. ಐದು ಜನರ ಮನೆಗೆ, ತಲೆಗೆ 55 ಲೀಟರಿನಂತೆ 275. ಒಟ್ಟು 815 ಲೀಟರ್. ಇದರಲ್ಲಿ ಮೇವಿನ ಬೆಳೆಗೆ ಒಂದು ಹನಿಯೂ ಸೇರಿಲ್ಲ.

ಪಂಪಿಲ್ಲದಿದ್ದರೆ ಇದು 15 ಲೀಟರಿನ ಕೊಡದಲ್ಲಿ ದಿನಕ್ಕೆ 54 ಕೊಡ. ಆ 54 ಕೊಡಗಳನ್ನು ಸೇದಿ ಹೊರುವವರು ಯಾರು? ನಮ್ಮ ಮನೆಗಳಲ್ಲಿ ಇದಕ್ಕೆ ಉತ್ತರ ಎಲ್ಲರಿಗೂ ಗೊತ್ತಿದೆ. ಆದ್ದರಿಂದ ಹೊರುವವರ ಅಭಿಪ್ರಾಯ ಕೇಳದೆ ಜಮೀನು ಒಪ್ಪಬೇಡಿ.

ಕೊಳವೆ ಬಾವಿ ಇದ್ದರೆ ಮಾರುವವರು ಬಾಡಿಗೆ ಜನರೇಟರ್ ತಂದು ನೀರು ಎತ್ತಿ ತೋರಿಸುತ್ತಾರೆ. ಹಲವು ದಿನಗಳಿಂದ ನಿಂತ ನೀರು ಮೊದಲ ಹತ್ತು ನಿಮಿಷ ಧಾರಾಳವಾಗಿ ಬರುತ್ತದೆ. ಅದನ್ನು ನಂಬಬೇಡಿ. ಕನಿಷ್ಠ ಎರಡು-ಮೂರು ಗಂಟೆ ಬಿಡದೆ ಓಡಿಸಿ. 15 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ಆರಂಭದಲ್ಲೂ ಕೊನೆಯಲ್ಲೂ ಗುರುತು ಹಾಕಿಕೊಳ್ಳಿ. 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 30 ಲೀಟರ್ ಎಂದಾಯಿತು. ಕೊನೆಯಲ್ಲಿ ಬರುವ ನೀರೇ ನಿಮ್ಮ ನೀರು. ಬಾವಿಯ ಆಳ ಮತ್ತು ಪಂಪು ಇಳಿಸಿದ ಆಳ ಎರಡನ್ನೂ ಕೇಳಿ ಬರೆದುಕೊಳ್ಳಿ.

ನೀರಿನ ಗುಣ

ಕೋಲಾರ, ಚಿಕ್ಕಬಳ್ಳಾಪುರ ಮತ್ತು ಪಾವಗಡದ ಕಡೆ ಆಳದ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ತಿಳಿದ ವಿಷಯ. ಮನುಷ್ಯರು ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರಿನ ಮಾದರಿಯನ್ನು ಪರೀಕ್ಷೆಗೆ ಕೊಡಿ. ಜೊತೆಗೆ ಪಕ್ಕದ ಹೊಲದಲ್ಲಿ ಅದೇ ಬಗೆಯ ನೀರು ಕುಡಿದು ಬೆಳೆದ ವಯಸ್ಸಾದ ರಾಸುಗಳ ಬಾಯಿ ಬಿಡಿಸಿ ನೋಡಿ. ಹಲ್ಲಿನ ಮೇಲೆ ಕಂದು-ಹಳದಿ ಕಲೆ, ಅತಿಯಾದ ಸವೆತ, ಕಾಲಿನ ಮೂಳೆಯಲ್ಲಿ ಗಂಟು ಮತ್ತು ಕುಂಟುವಿಕೆ ಕಂಡರೆ ಎಚ್ಚರ ವಹಿಸಿ.

ಕರೆಂಟಿನ ಮಾತು

"ಕಂಬ ಇನ್ನೇನು ಬರುತ್ತದೆ" ಎಂಬ ಮಾತಿಗೆ ಬೆಲೆ ಕಟ್ಟಬೇಡಿ. ಸರ್ವೆ ನಂಬರ್ ಹಿಡಿದು ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ನೀವೇ ಹೋಗಿ. ಹತ್ತಿರದ ಕಂಬ ಎಷ್ಟು ದೂರವಿದೆ, ಅರ್ಜಿ ಈಗಾಗಲೇ ಇದೆಯೇ, ಮಾರ್ಗ ಎಳೆಯುವ ಖರ್ಚು ಯಾರದು ಎಂದು ವಿಚಾರಿಸಿ. ಪಂಪ್‌ಸೆಟ್ಟಿನ ಮಾರ್ಗ ಬಂದರೂ ಅದರಲ್ಲಿ ಕರೆಂಟು ದಿನಕ್ಕೆ ಕೆಲವೇ ಗಂಟೆ ಇರುತ್ತದೆ ಎಂಬುದು ನೆನಪಿರಲಿ.

ಸೌರ ಪಂಪಿಗೆ 2019ರಲ್ಲಿ ಆರಂಭವಾದ ಕೇಂದ್ರದ ಕುಸುಮ್ ಯೋಜನೆಯಲ್ಲಿ ಸಹಾಯಧನವಿದೆ. 3 ಅಶ್ವಶಕ್ತಿ ಪಂಪಿಗೆ ಸುಮಾರು 3 ಕಿಲೋವ್ಯಾಟ್ ಫಲಕ ಬೇಕು. ಆದರೆ ಬಾವಿ ಆಳವಾದಷ್ಟೂ ಅದೇ ಪಂಪು ಎತ್ತುವ ನೀರು ಕಡಿಮೆಯಾಗುತ್ತದೆ. ಸಾವಿರ ಅಡಿಯ ಬಾವಿಗೆ ಸಣ್ಣ ಸೌರ ಪಂಪು ಸಾಲದು. ಬಿಸಿಲಿರುವಾಗ ಮಾತ್ರ ನೀರು ಬರುವುದರಿಂದ ಕನಿಷ್ಠ ಎರಡು ದಿನದ ನೀರು ಹಿಡಿಯುವ ತೊಟ್ಟಿ ಬೇಕು. ಫಲಕ ಇಡುವ ಜಾಗದ ಮೇಲೆ ತೆಂಗು, ನೀಲಗಿರಿಯ ನೆರಳು ಬೀಳಬಾರದು.

ನಾಲ್ಕು ಹಸುಗಳಿಂದ ದಿನಕ್ಕೆ ಸಿಗುವ ಸುಮಾರು 50 ಕಿ.ಗ್ರಾಂ ಸಗಣಿ 2 ಘನ ಮೀಟರ್ ಗೋಬರ್ ಗ್ಯಾಸ್ ಸ್ಥಾವರಕ್ಕೆ ಸಾಕು. ಒಂದು ಮನೆಯ ಅಡಿಗೆ ಇದರಲ್ಲಿ ನಡೆಯುತ್ತದೆ. ಬೆಳಗಿನ ಜಾವ ಹಾಲು ಕರೆಯುವಾಗಿನ ಬೆಳಕಿಗೆ ಚಿಕ್ಕ ಸೌರ ದೀಪ ಸಾಕು. ಕರೆಂಟಿಲ್ಲದೆ ಹೈನುಗಾರಿಕೆ ಅಸಾಧ್ಯವಲ್ಲ. ಆದರೆ ನೀರೂ ದಾರಿಯೂ ಇಲ್ಲದೆ ಅಸಾಧ್ಯ.

ಹಾಲು ಸಂಘಕ್ಕೆ ತಲುಪುವ ದಾರಿ

ಕರೆದ ಹಾಲು ಹಸುವಿನ ಮೈಯ ಬಿಸಿಯಲ್ಲೇ ಇರುತ್ತದೆ. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಬಲ್ಲವು. ಸಂಘದ ಬಲ್ಕ್ ಕೂಲರ್ ಹಾಲನ್ನು 4 ಡಿಗ್ರಿಗೆ ಇಳಿಸುತ್ತದೆ, ಆದರೆ ಅಲ್ಲಿಗೆ ತಲುಪುವವರೆಗಿನ ಹೊಣೆ ನಿಮ್ಮದು. ಆದ್ದರಿಂದ 20 ಲೀಟರ್ ಕ್ಯಾನಿಗೆ ನೀರು ತುಂಬಿ, ಬೆಳಿಗ್ಗೆ ಹಾಲು ಹಾಕುವ ಸಮಯಕ್ಕೆ ಜಮೀನಿನಿಂದ ಸಂಘದವರೆಗೆ ಹೊತ್ತು ನೋಡಿ. ಹಿಡಿದ ಸಮಯ ಗುರುತು ಹಾಕಿ. ಮಳೆಗಾಲದಲ್ಲಿ ಹಳ್ಳ ದಾಟಬೇಕೇ ನೋಡಿ. ದಿನಕ್ಕೆರಡು ಸಲ, ವರ್ಷವಿಡೀ ಈ ನಡಿಗೆ ಇದ್ದೇ ಇರುತ್ತದೆ. ತಡವಾಗುವುದಾದರೆ ಮುಚ್ಚಿದ ಕ್ಯಾನನ್ನು ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಇಟ್ಟು ತಣಿಸಿ. ಜಮೀನು ಯಾವ ಸಂಘದ ಕಾರ್ಯವ್ಯಾಪ್ತಿಗೆ ಬರುತ್ತದೆ ಎಂಬುದನ್ನೂ ಕೇಳಿಕೊಳ್ಳಿ.

ಅದೇ ದಾರಿಯಲ್ಲಿ ಪಶುವೈದ್ಯರೂ ಬರಬೇಕು. ಕರು ಅಡ್ಡಲಾದ ರಾತ್ರಿ ಫೋನು ಸಿಗುತ್ತದೆಯೇ, ವಾಹನ ಕೊಟ್ಟಿಗೆಯವರೆಗೆ ಬರುತ್ತದೆಯೇ ನೋಡಿ. ಬೆದೆಗೆ ಬಂದ ಹಸುವಿಗೆ 12ರಿಂದ 18 ಗಂಟೆಯೊಳಗೆ ಕೃತಕ ಗರ್ಭಧಾರಣೆ ಆಗಬೇಕು. ತಪ್ಪಿದರೆ 21 ದಿನ ಕಾಯಬೇಕು.

ಮಣ್ಣಿನಲ್ಲಿ ಅಡಗಿರುವ ರೋಗ

ಇದನ್ನು ಯಾವ ಮಧ್ಯವರ್ತಿಯೂ ಹೇಳುವುದಿಲ್ಲ. ನೆರಡಿ ರೋಗ ಮತ್ತು ಚಪ್ಪೆ ರೋಗದ ರೋಗಾಣುಗಳು ಬೀಜಕದ ರೂಪದಲ್ಲಿ ಮಣ್ಣಿನಲ್ಲಿ ಹಲವು ವರ್ಷ ಬದುಕುತ್ತವೆ. ನೆರಡಿಯದಂತೂ ದಶಕಗಳ ಕಾಲ ಉಳಿಯಬಲ್ಲವು. ಹಿಂದೆ ಈ ಜಮೀನಿನಲ್ಲಿ ದನ-ಕುರಿ ಇದ್ದಕ್ಕಿದ್ದಂತೆ ಸತ್ತಿದ್ದವೇ, ಎಲ್ಲಿ ಹೂತರು ಎಂದು ಕುರಿ ಕಾಯುವವರನ್ನು, ಪಕ್ಕದ ಹೊಲದ ಹಿರಿಯರನ್ನು ಕೇಳಿ. ಸ್ಥಳೀಯ ಪಶು ಆಸ್ಪತ್ರೆಯಲ್ಲೂ ವಿಚಾರಿಸಿ. ಇಂಥ ಹಿನ್ನೆಲೆ ಇದ್ದರೆ ಪ್ರತಿ ವರ್ಷ ಲಸಿಕೆ ಹಾಕಿಸಲೇಬೇಕು, ಹೂತ ಜಾಗ ಅಗೆಯಬಾರದು, ಅಲ್ಲಿ ಮೇಯಿಸಬಾರದು.

ಕೆರೆಯ ಅಂಚಿನ ಜವುಗು ಜಮೀನಾದರೆ ಬಸವನಹುಳು ಇವೆಯೇ ನೋಡಿ. ಅವುಗಳಿಂದಲೇ ಯಕೃತ್ತಿನ ಜಂತು ರಾಸುಗಳಿಗೆ ಹರಡುತ್ತದೆ. ಬೇಲಿ ತುಂಬ ಲಂಟಾನ ಇದ್ದರೆ ಕೀಳಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಅದನ್ನು ತಿಂದ ರಾಸಿನ ಯಕೃತ್ತು ಕೆಡುತ್ತದೆ.

ಮೇವು ಮತ್ತು ಜೊತೆಗೆ ಬರುವ ರಾಸು

ಒಂದು ಹಸುವಿಗೆ ದಿನಕ್ಕೆ 25 ಕಿ.ಗ್ರಾಂ ಹಸಿಮೇವು, 5 ಕಿ.ಗ್ರಾಂ ಒಣಮೇವು ಎಂದರೆ ವರ್ಷಕ್ಕೆ 9 ಟನ್‌ಗೂ ಮೀರಿ ಹಸಿಮೇವು, ಸುಮಾರು 1.8 ಟನ್ ಒಣಮೇವು ಬೇಕು. ಬೇಸಿಗೆಯ ಕೊನೆಯಲ್ಲಿ ಸಿಗುವ ನೀರಿಗೆ ಎಷ್ಟು ಗುಂಟೆ ನೇಪಿಯರ್ ಹುಲ್ಲು ಉಳಿಯುತ್ತದೆ ಎಂದು ನೋಡಿ ಹಸುಗಳ ಸಂಖ್ಯೆ ನಿರ್ಧರಿಸಿ.

"ಜಮೀನಿನ ಜೊತೆ ಎರಡು ಹಸುವೂ ನಿಮಗೇ" ಎಂದರೆ ಹಿಗ್ಗಬೇಡಿ. ಕಂದು ರೋಗದ ರಕ್ತ ಪರೀಕ್ಷೆ, ಕ್ಷಯ ಪರೀಕ್ಷೆ, ಕೆಚ್ಚಲು ಬಾವಿನ ತಪಾಸಣೆ ಆಗುವವರೆಗೆ ಅವುಗಳನ್ನು ನಿಮ್ಮ ಕೊಟ್ಟಿಗೆಗೆ ಸೇರಿಸಬೇಡಿ. ಕಂದು ರೋಗ ಮನುಷ್ಯರಿಗೂ ಬರುತ್ತದೆ.

ಕಾಗದ ಪತ್ರ

ಪಹಣಿ, ಹಕ್ಕು ಬದಲಾವಣೆಯ ದಾಖಲೆ, ಋಣಭಾರ ಪತ್ರ, ಪೋಡಿ ಮತ್ತು 11ಇ ನಕ್ಷೆ ನೋಡಿ. ದಾರಿ ಗ್ರಾಮ ನಕಾಶೆಯಲ್ಲಿ ಇದೆಯೇ, ಅಥವಾ ಪಕ್ಕದವರ ದಯೆಯ ದಾರಿಯೇ ತಿಳಿಯಿರಿ. ಸರ್ಕಾರದಿಂದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಸಿಂಧು. 2023ರ ತಿದ್ದುಪಡಿಯ ನಂತರ ಜಮೀನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಆದ್ದರಿಂದ ಮೂಲ ಮಂಜೂರಾತಿ ಪತ್ರವನ್ನು ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ. ಇದು ನಿಮ್ಮ ಹಣದ ಪ್ರಶ್ನೆಯಷ್ಟೇ ಅಲ್ಲ, ಇನ್ನೊಬ್ಬ ಬಡವನ ಬದುಕಿನ ಪ್ರಶ್ನೆಯೂ ಹೌದು.

ಇಷ್ಟೆಲ್ಲ ನೋಡಿದ ಮೇಲೂ ಜಮೀನು ಒಪ್ಪಿಗೆಯಾದರೆ ಸಂತೋಷದಿಂದ ಕೊಳ್ಳಿ. ಮೊದಲ ವರ್ಷ ಎರಡೇ ಹಸುಗಳನ್ನು ಅಲ್ಲಿಗೆ ಒಯ್ಯಿರಿ. ಒಂದು ಬೇಸಿಗೆ ಕಳೆದ ಮೇಲೆ ಉಳಿದವನ್ನು ಸೇರಿಸಬಹುದು. ನೀರಿನ ಪರೀಕ್ಷೆ, ರಾಸುಗಳ ತಪಾಸಣೆ, ಮೇವಿನ ಯೋಜನೆಯ ಬಗ್ಗೆ ಸಲಹೆ ಬೇಕಾದಲ್ಲಿ ನಿಮ್ಮ ಸಂಘದ ಕಾರ್ಯದರ್ಶಿಯ ಮೂಲಕ ಒಕ್ಕೂಟದ ಶಿಬಿರ ಕಚೇರಿಯನ್ನು ಸಂಪರ್ಕಿಸಿ.