ಹಳ್ಳಿಮನೆಯ ಹಳೆಯ ಫ್ಯೂಸ್ ಬೋರ್ಡು: ಬದಲಾವಣೆ ಏಕೆ, ಹೇಗೆ?

1970 ಮತ್ತು 1980ರ ದಶಕಗಳಲ್ಲಿ ವಿದ್ಯುತ್ ಸಂಪರ್ಕ ಪಡೆದ ಅನೇಕ ಹಳ್ಳಿಮನೆಗಳ ಜಗಲಿಯಲ್ಲಿ ಆಗಿನ ಬೋರ್ಡೇ ಇಂದಿಗೂ ಇದೆ. ಗೋಡೆಗೆ ಹೊಡೆದ ಮರದ ಹಲಗೆ, ಅದರ ಮೇಲೆ ಮೀಟರು, ಕಬ್ಬಿಣದ ಪೆಟ್ಟಿಗೆಯ ಮೈನ್ ಸ್ವಿಚ್, ಒಂದೆರಡು ಪಿಂಗಾಣಿ ಫ್ಯೂಸುಗಳು. ನಾಲ್ಕಾರು ಬಲ್ಬು ಮತ್ತು ಒಂದು ರೇಡಿಯೋ ಇದ್ದ ಕಾಲಕ್ಕೆ ಇಷ್ಟು ಸಾಕಾಗಿತ್ತು. ಈಗ ಅದೇ ಹಲಗೆಯಿಂದ ಮಿಕ್ಸಿ, ಫ್ರಿಜ್, ಗೀಸರ್, ತೊಟ್ಟಿಗೆ ನೀರೆತ್ತುವ ಮೋಟಾರು, ಕೊಟ್ಟಿಗೆಯ ಮೇವು ಕತ್ತರಿಸುವ ಯಂತ್ರ ಎಲ್ಲವೂ ನಡೆಯಬೇಕಾಗಿದೆ. ಬಳಕೆ ಬೆಳೆದಿದೆ, ಬೋರ್ಡು ಮಾತ್ರ ಹಾಗೆಯೇ ಉಳಿದಿದೆ.

ಹೊರೆಯ ಲೆಕ್ಕ

ಬೆಳಗಿನ ಹೊತ್ತು 2000 ವ್ಯಾಟಿನ ಗೀಸರ್, ಸುಮಾರು 2000 ವ್ಯಾಟ್ ಎಳೆಯುವ 2 ಅಶ್ವಶಕ್ತಿಯ ಮೇವಿನ ಯಂತ್ರ, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಮತ್ತು 750 ವ್ಯಾಟಿನ ಮಿಕ್ಸಿ ಒಟ್ಟಿಗೆ ನಡೆದರೆ 5750 ವ್ಯಾಟ್ ಆಗುತ್ತದೆ. ಇದನ್ನು 230 ವೋಲ್ಟಿನಿಂದ ಭಾಗಿಸಿದರೆ 25 ಆಂಪಿಯರ್. ಹಳೆಯ ಬೋರ್ಡಿನ ಮೈನ್ ಸ್ವಿಚ್ ಸಾಮಾನ್ಯವಾಗಿ 15 ಆಂಪಿಯರಿನದು. ತಂತಿಯಲ್ಲಿ ಹರಿಯುವ ವಿದ್ಯುತ್ತು ಎರಡರಷ್ಟಾದರೆ ಅಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. ಸಡಿಲವಾದ ಜೋಡಣೆ ಇದ್ದಲ್ಲಿ ಶಾಖ ಇನ್ನೂ ಹೆಚ್ಚು. ಸುಟ್ಟ ವಾಸನೆ, ಕಪ್ಪಾದ ಪಿಂಗಾಣಿ, ಮುಟ್ಟಿದರೆ ಬಿಸಿ ಹತ್ತುವ ಸ್ವಿಚ್ಚು ಇವೆಲ್ಲ ಅಪಾಯದ ಮುನ್ಸೂಚನೆಗಳು.

ಫ್ಯೂಸ್ ಮಾಡುವ ಕೆಲಸ ಮತ್ತು ಮಾಡದ ಕೆಲಸ

ಫ್ಯೂಸ್ ಇರುವುದು ತಂತಿಯನ್ನು ಕಾಯುವುದಕ್ಕೆ. 5 ಆಂಪಿಯರಿನ ಫ್ಯೂಸಿಗೆ 0.2 ಮಿ.ಮೀ. ದಪ್ಪದ, 15 ಆಂಪಿಯರಿಗೆ 0.5 ಮಿ.ಮೀ. ದಪ್ಪದ ತವರ ಲೇಪಿತ ತಾಮ್ರದ ತಂತಿ ಹಾಕಬೇಕು. ಪದೇ ಪದೇ ಫ್ಯೂಸ್ ಹೋಗುತ್ತದೆಂದು ದಪ್ಪ ತಂತಿಯ ನಾಲ್ಕಾರು ಎಳೆಗಳನ್ನು ಸುತ್ತಿದರೆ ಫ್ಯೂಸ್ ಉಳಿಯುತ್ತದೆ, ಅದರ ಬದಲು ಗೋಡೆಯ ತಂತಿ ಉರಿಯುತ್ತದೆ.

ಆದರೆ ಸರಿಯಾದ ಫ್ಯೂಸ್ ಕೂಡ ಮನುಷ್ಯನನ್ನು ಕಾಯುವುದಿಲ್ಲ. ಒದ್ದೆ ಮೈಯ ತಡೆ ಸುಮಾರು 1000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟಿನ ತಂತಿ ತಾಗಿದವರ ಮೈಯಲ್ಲಿ ಹರಿಯುವುದು 0.23 ಆಂಪಿಯರ್. ಕ್ಷಣಕಾಲ ಹರಿದರೂ ಹೃದಯದ ಬಡಿತ ತಪ್ಪಿ ಸಾವು ಸಂಭವಿಸಲು ಇಷ್ಟು ಸಾಕು. ಇದೇ 0.23 ಆಂಪಿಯರ್ 5 ಆಂಪಿಯರಿನ ಫ್ಯೂಸಿನ ಲೆಕ್ಕಕ್ಕೇ ಬರುವುದಿಲ್ಲ. ಫ್ಯೂಸ್ ತೆಗೆದು ಬರೀ ಎಂ.ಸಿ.ಬಿ. ಹಾಕಿದರೂ ಈ ದೋಷ ಹಾಗೆಯೇ ಉಳಿಯುತ್ತದೆ.

ಅರ್ಥಿಂಗ್ ಒಂದೇ ಸಾಲದು

ಅರ್ಥಿಂಗ್ ಇದೆಯೆಂಬ ಧೈರ್ಯವೂ ಪೂರ್ತಿ ಸರಿಯಲ್ಲ. ಮನೆಯ ಅರ್ಥ್ ಕೊಳವೆಯ ತಡೆ 10 ಓಮ್, ಟ್ರಾನ್ಸ್‌ಫಾರ್ಮರಿನ ಅರ್ಥಿನದು 5 ಓಮ್ ಎಂದು ಭಾವಿಸೋಣ. ಮೇವಿನ ಯಂತ್ರದ ಒಳತಂತಿ ಅದರ ಕಬ್ಬಿಣದ ಮೈಗೆ ತಾಗಿದರೆ ನೆಲಕ್ಕೆ ಹರಿಯುವುದು ಸುಮಾರು 15 ಆಂಪಿಯರ್. ಇಷ್ಟಕ್ಕೆ 15 ಆಂಪಿಯರಿನ ಫ್ಯೂಸ್ ಕರಗುವುದಿಲ್ಲ, 16 ಆಂಪಿಯರಿನ ಎಂ.ಸಿ.ಬಿ. ಬೀಳುವುದಿಲ್ಲ. ಯಂತ್ರದ ಮೈಮೇಲೆ ಸುಮಾರು 150 ವೋಲ್ಟ್ ಹಾಗೆಯೇ ನಿಂತಿರುತ್ತದೆ.

ಮಣ್ಣಿನ ಗುಣವನ್ನೂ ಇಲ್ಲಿ ಗಮನಿಸಬೇಕು. ತೇವ ಹಿಡಿಯುವ ಎರೆಮಣ್ಣಿನಲ್ಲಿ ತಡೆ ಕಡಿಮೆ. ಗರಸು ಮಿಶ್ರಿತ ಕೆಂಪು ಮಣ್ಣಿನಲ್ಲಿ ಮತ್ತು ಜಂಬಿಟ್ಟಿಗೆಯ ನೆಲದಲ್ಲಿ ಹೆಚ್ಚು. ಎರೆಭೂಮಿಯಲ್ಲಿಯೂ ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಕೊಳವೆಗೂ ಮಣ್ಣಿಗೂ ಸಂಪರ್ಕ ತಪ್ಪಬಹುದು. ಆದ್ದರಿಂದ ಗೋಡೆಯಿಂದ ಕನಿಷ್ಠ 1.5 ಮೀಟರ್ ದೂರದಲ್ಲಿ, ಬಚ್ಚಲ ನೀರಿನ ತೇವ ಸಿಗುವ ಕಡೆ, ಸುಮಾರು 40 ಮಿ.ಮೀ. ವ್ಯಾಸದ 2.5 ಮೀಟರ್ ಉದ್ದದ ಸತು ಲೇಪಿತ ಕೊಳವೆಯನ್ನು ಇದ್ದಿಲು ಮತ್ತು ಉಪ್ಪಿನೊಡನೆ ಹೂಳಬೇಕು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಬೇಕು.

ಆರ್.ಸಿ.ಸಿ.ಬಿ.ಯ ಪಾತ್ರ

ಕಾಲುವೆಯ ತಲೆಯಲ್ಲಿ ಬಿಟ್ಟ ನೀರನ್ನೂ ಕೊನೆಯಲ್ಲಿ ಬಂದ ನೀರನ್ನೂ ಅಳೆದರೆ ನಡುವೆ ಸೋರಿದ್ದು ತಿಳಿಯುತ್ತದೆ. ಆರ್.ಸಿ.ಸಿ.ಬಿ. ಮಾಡುವುದೂ ಇದನ್ನೇ. ಫೇಸ್ ತಂತಿಯಲ್ಲಿ ಹೋದ ವಿದ್ಯುತ್ತು ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗದೆ 30 ಮಿಲಿಆಂಪಿಯರ್, ಅಂದರೆ 0.03 ಆಂಪಿಯರಿನಷ್ಟು ಸೋರಿದರೂ ಅದು 0.3 ಸೆಕೆಂಡಿನೊಳಗೆ ಸಂಪರ್ಕ ಕಡಿಯುತ್ತದೆ. ಮೇಲೆ ಹೇಳಿದ ಎರಡು ಸಂದರ್ಭಗಳಲ್ಲಿಯೂ ಜೀವ ಉಳಿಸುವುದು ಇದೇ. ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರ ಮೈಯಿಂದ ನೆಲಕ್ಕೆ ಸೋರಿಕೆ ಇಲ್ಲದಿದ್ದರೆ ಇದಕ್ಕೂ ತಿಳಿಯದು. ಹೊರೆ ಹೆಚ್ಚಾದರೂ ಇದು ಬೀಳದು. ಹಾಗಾಗಿ ಎಂ.ಸಿ.ಬಿ.ಯೂ ಬೇಕು, ಆರ್.ಸಿ.ಸಿ.ಬಿ.ಯೂ ಬೇಕು, ಅರ್ಥಿಂಗೂ ಬೇಕು. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಹೊಸ ಬೋರ್ಡಿನ ಜೋಡಣೆ

1. ಮೀಟರಿನ ನಂತರ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ 32 ಆಂಪಿಯರಿನ ಮುಖ್ಯ ಎಂ.ಸಿ.ಬಿ., ಅದರ ಮುಂದೆ 40 ಆಂಪಿಯರ್, 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ.

2. ದೀಪ, ಫ್ಯಾನುಗಳಿಗೆ 1.5 ಚ.ಮಿ.ಮೀ. ತಾಮ್ರದ ತಂತಿ, 6 ಆಂಪಿಯರಿನ ಎಂ.ಸಿ.ಬಿ. ದೊಡ್ಡ ಪ್ಲಗ್ಗುಗಳಿಗೆ 2.5 ಚ.ಮಿ.ಮೀ., 16 ಆಂಪಿಯರ್. ಗೀಸರಿಗೆ ಮತ್ತು ಮೇವಿನ ಯಂತ್ರಕ್ಕೆ ಬೇರೆ ಬೇರೆಯಾಗಿ 4 ಚ.ಮಿ.ಮೀ., 20 ಆಂಪಿಯರ್. ಮೀಟರಿನಿಂದ ಬೋರ್ಡಿಗೆ ಕನಿಷ್ಠ 6 ಚ.ಮಿ.ಮೀ.

3. ಕೊಟ್ಟಿಗೆಗೆ ಪ್ರತ್ಯೇಕ ಆರ್.ಸಿ.ಸಿ.ಬಿ. ಇರುವುದು ಲೇಸು. ಗಂಜಲದಿಂದ ಒದ್ದೆಯಾದ ನೆಲ, ಕಬ್ಬಿಣದ ಸರಪಳಿ, ನಾಲ್ಕು ಕಾಲೂ ನೆಲದ ಮೇಲೆ. ಹೀಗಾಗಿ ದನಗಳಿಗೆ ಅಪಾಯ ಹೆಚ್ಚು.

4. ನ್ಯೂಟ್ರಲ್ ತಂತಿಯಲ್ಲಿ ಒಂಟಿ ಫ್ಯೂಸ್ ಇರಕೂಡದು. ಅದು ಕರಗಿದರೆ ದೀಪ ಆರುತ್ತದೆ, ತಂತಿಯಲ್ಲಿ ವಿದ್ಯುತ್ತು ಮಾತ್ರ ಇದ್ದೇ ಇರುತ್ತದೆ.

ಎಂ.ಸಿ.ಬಿ.ಯನ್ನು ತಂತಿಯ ದಪ್ಪ ನೋಡಿ ಆರಿಸಬೇಕೇ ಹೊರತು ಹೊರೆ ನೋಡಿ ಅಲ್ಲ. ತೊಗಟೆ ಪುಡಿಯಾಗುತ್ತಿರುವ ಹಳೆಯ ತಂತಿಯನ್ನು ಹಾಗೆಯೇ ಬಿಟ್ಟು ಬೋರ್ಡಿನಲ್ಲಿ 32 ಆಂಪಿಯರ್ ಹಾಕುವುದು ದಪ್ಪ ಫ್ಯೂಸ್ ತಂತಿ ಸುತ್ತಿದಷ್ಟೇ ತಪ್ಪು. ಹಣ ಒಮ್ಮೆಗೇ ಹೊಂದದಿದ್ದರೆ ಮೊದಲು ಅರ್ಥಿಂಗ್, ಆರ್.ಸಿ.ಸಿ.ಬಿ. ಮತ್ತು ಈಗಿನ ತಂತಿಗೆ ಸರಿಹೊಂದುವ ಎಂ.ಸಿ.ಬಿ.ಗಳನ್ನು ಮಾಡಿಸಿ, ನಂತರ ಕೊಟ್ಟಿಗೆ, ಬಚ್ಚಲುಮನೆಗಳಿಂದ ಆರಂಭಿಸಿ ತಂತಿ ಬದಲಿಸಬಹುದು.

ಬಿದ್ದರೆ ಏನು ಮಾಡಬೇಕು?

ಮಳೆಗಾಲದಲ್ಲಿ ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡುವ ರೂಢಿ ಕೆಲವೆಡೆ ಇದೆ. ಇದು ಕಾವಲು ನಾಯಿ ಬೊಗಳಿತೆಂದು ಅದನ್ನೇ ಅಟ್ಟಿದಂತೆ. ಎಲ್ಲ ಎಂ.ಸಿ.ಬಿ.ಗಳನ್ನು ಇಳಿಸಿ, ಆರ್.ಸಿ.ಸಿ.ಬಿ. ಏರಿಸಿ, ಬಳಿಕ ಒಂದೊಂದಾಗಿ ಎಂ.ಸಿ.ಬಿ. ಏರಿಸುತ್ತ ಹೋಗಬೇಕು. ಯಾವುದನ್ನು ಏರಿಸಿದಾಗ ಬೀಳುವುದೋ ಆ ಸಾಲಿನಲ್ಲಿ ಸೋರಿಕೆ ಇದೆ. ಎಲ್ಲವನ್ನು ಇಳಿಸಿದ ಮೇಲೂ ನಿಲ್ಲದಿದ್ದರೆ ನ್ಯೂಟ್ರಲ್ ತಂತಿ ನೆಲಕ್ಕೆ ತಾಗಿರುವ ಸಂಭವವಿದ್ದು, ಬಲ್ಲವರನ್ನು ಕರೆಸಬೇಕು. ತಿಂಗಳಿಗೊಮ್ಮೆ ಅದರ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಬೇಕು. ಒತ್ತಿದರೂ ಬೀಳದ ಆರ್.ಸಿ.ಸಿ.ಬಿ.ಯನ್ನು ಕೂಡಲೇ ಬದಲಿಸಬೇಕು.

ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಮೀಟರಿನ ಮುದ್ರೆ ತೆಗೆಯುವ ಹಕ್ಕು ವಿದ್ಯುತ್ ಕಂಪನಿಯ ಸಿಬ್ಬಂದಿಗೆ ಮಾತ್ರ. ಮಂಜೂರಾದ ಹೊರೆ ಸಾಲದಿದ್ದರೆ ಅದನ್ನು ಹೆಚ್ಚಿಸಿಕೊಳ್ಳಲು ಉಪವಿಭಾಗದ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಕೆಲಸ ಮುಗಿದ ಮೇಲೆ ಅರ್ಥಿನ ತಡೆಯನ್ನು ಉಪಕರಣದಿಂದ ಅಳೆಯಿಸಿ ಬರೆದಿಟ್ಟುಕೊಳ್ಳಬೇಕು. ಒದ್ದೆ ಕೈಯಲ್ಲಿ ಮೋಟಾರಿನ ಸ್ವಿಚ್ಚು ಒತ್ತುವವರು, ನಸುಕಿನಲ್ಲಿ ಕೊಟ್ಟಿಗೆಗೆ ಹೋಗುವವರು ಮನೆಯವರೇ. ಬೋರ್ಡಿನ ಖರ್ಚನ್ನು ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು.