ಮುನ್ನಡೆ ಅಂದರೆ ಗೆಲುವಲ್ಲ

ಮತ ಎಣಿಕೆಯ ದಿನ ವಿಕಿಪೀಡಿಯದಲ್ಲಿ ಬರೆಯುವುದಕ್ಕಿಂತ ಬರೆಯದಂತೆ ತಡೆಯುವ ಕೆಲಸವೇ ಹೆಚ್ಚು. ಎರಡು ಸುತ್ತಿನ ಮುನ್ನಡೆ ಸಿಕ್ಕಿದ್ದೇ ತಡ, ಅಭಿಮಾನಿಯೊಬ್ಬರು ಬಂದು ತಮ್ಮ ನಾಯಕರ ಹೆಸರಿನ ಮುಂದೆ ‘ಸಂಸದ’ ಎಂದು ಸೇರಿಸಿ ಹೋಗುತ್ತಾರೆ. ಇನ್ನೊಬ್ಬರು ಬಂದು ತೆಗೆಯುತ್ತಾರೆ. ಅಷ್ಟರಲ್ಲಿ ಮೂರನೇ ಸುತ್ತು ಮುಗಿದು ಮುನ್ನಡೆ ಹಿನ್ನಡೆಯಾಗಿರುತ್ತದೆ. 2024ರ ಜೂನ್ 4ರಂದು ಮುಂಬೈ ವಾಯವ್ಯ ಕ್ಷೇತ್ರದಲ್ಲಿ ಏನಾಯಿತು ನೆನಪಿದೆಯಲ್ಲ? ಇವಿಎಂ ಮತಗಳನ್ನಷ್ಟೇ ಕೂಡಿದರೆ ಅಮೋಲ್ ಕೀರ್ತಿಕರ್ ಒಂದೇ ಒಂದು ಮತದಿಂದ ಮುಂದಿದ್ದರು. ಅಂಚೆ ಮತಗಳೂ ಸೇರಿದ ಮೇಲೆ ರವೀಂದ್ರ ವಾಯ್ಕರ್ 48 ಮತಗಳಿಂದ ಗೆದ್ದರು. ಟಿ.ವಿ.ಯವರು ಒಮ್ಮೆ ಹೇಳಿದ್ದನ್ನು ಐದು ನಿಮಿಷದಲ್ಲಿ ಬದಲಿಸಬಹುದು, ಯಾರೂ ಕೇಳುವುದಿಲ್ಲ. ವಿಶ್ವಕೋಶಕ್ಕೆ ಆ ಸವಲತ್ತಿಲ್ಲ. ಚುನಾವಣಾಧಿಕಾರಿ ಘೋಷಿಸುವ ತನಕ ಅಲ್ಲಿ ಯಾರೂ ಗೆದ್ದಿರುವುದಿಲ್ಲ.

ಪದವಿಯ ಕೊನೆಯ ವರ್ಷದಲ್ಲಿ ನಾನು ಕನ್ನಡ ವಿಕಿಪೀಡಿಯದಲ್ಲಿ ಬರೆಯಲು ಕೂತೆ. ಈಗ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ, ಅಂದರೆ ಮನೆಯವರ ಭಾಷೆಯಲ್ಲಿ ‘ಖಾಲಿ ಇದ್ದೇನೆ’. 2024ರ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾದಾಗ ನನಗೆ ಸಹಜವಾಗಿ ಕಂಡ ಕೆಲಸವೆಂದರೆ ನಮ್ಮ 28 ಕ್ಷೇತ್ರಗಳ ಪುಟಗಳನ್ನು ಸರಿಯಾಗಿ ತುಂಬುವುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥ ಕೆಲಸಕ್ಕೆ ನೂರಾರು ಜನ ಮುಗಿಬೀಳುತ್ತಾರೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ, ಆದರೆ ದಿನವೂ ಬಂದು ಕೈಯಾಡಿಸುವವರು ಬೆರಳೆಣಿಕೆಯಷ್ಟು. ಇಲ್ಲಿ ಒಂದು ತಪ್ಪು ಅಂಕಿ ಕೂತರೆ ತಿಂಗಳುಗಟ್ಟಲೆ ಹಾಗೇ ಕೂತಿರಬಹುದು. ಈಗಂತೂ ಗೂಗಲ್‌ನಲ್ಲಿ ಹುಡುಕಿದರೂ ಎಐ ಬಾಟ್‌ಗೆ ಕೇಳಿದರೂ ಉತ್ತರದ ಬೇರು ಎಷ್ಟೋ ಸಲ ವಿಕಿಪೀಡಿಯದಲ್ಲೇ ಇರುತ್ತದೆ. ಅಲ್ಲಿ ತಪ್ಪಿದ್ದರೆ ಆ ತಪ್ಪು ನಮಗೇ ಅಚ್ಚುಕಟ್ಟಾಗಿ ವಾಪಸು ಬರುತ್ತದೆ.

ಚುನಾವಣೆಯ ಪುಟ ಅಂದರೆ ಒಂದು ಕೋಷ್ಟಕ, ಯಾರಿಗೆ ಎಷ್ಟು ಎಂದು ತುಂಬಿದರೆ ಮುಗಿಯಿತು ಎಂದುಕೊಂಡೇ ನಾನೂ ಕೂತಿದ್ದೆ. ಮೊದಲ ಸಂಖ್ಯೆಯೇ ತಡೆದು ನಿಲ್ಲಿಸಿತು. ಲೋಕಸಭೆಗೆ 543 ಕ್ಷೇತ್ರ. ಮತದಾನ ನಡೆದದ್ದು 542ರಲ್ಲಿ. ಸೂರತ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿ, ಉಳಿದವರು ಹಿಂತೆಗೆದುಕೊಂಡು, ಏಪ್ರಿಲ್ 22ರಂದೇ ಬಿಜೆಪಿಯ ಮುಕೇಶ್ ದಲಾಲ್ ಅವಿರೋಧವಾಗಿ ಆಯ್ಕೆಯಾದರು. ಹಾಗಾದರೆ ಅವರ ಮತಗಳ ಕಾಲಂನಲ್ಲಿ ಏನು ಬರೆಯಬೇಕು? ಸೊನ್ನೆ ಬರೆದರೆ ಯಾರೂ ಓಟು ಹಾಕಲಿಲ್ಲ ಎಂದಾಗುತ್ತದೆ. ಖಾಲಿ ಬಿಟ್ಟರೆ ಮಾಹಿತಿ ಸಿಕ್ಕಿಲ್ಲ ಎಂದಾಗುತ್ತದೆ. ‘ಅವಿರೋಧ ಆಯ್ಕೆ’ ಎಂದು ಎರಡು ಪದ ಬರೆಯಬೇಕು, ಅಷ್ಟೆ. ಆದರೆ ಆ ಎರಡು ಪದಕ್ಕೆ ಕೋಷ್ಟಕದಲ್ಲಿ ಜಾಗ ಮಾಡುವ ಮೊದಲು ಸೊನ್ನೆಗೂ ಖಾಲಿಗೂ ವ್ಯತ್ಯಾಸ ಗೊತ್ತಿರಬೇಕು. ಇಂದೋರ್‌ನದು ಇನ್ನೊಂದು ಬಗೆ. ಅಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕಣದಿಂದ ಸರಿದರು, ನೋಟಾಕ್ಕೆ 2,18,674 ಮತ ಬಿತ್ತು. ಗೆದ್ದವರ ನಂತರದ ಸ್ಥಾನ ಅದರದ್ದೇ. ನೋಟಾವನ್ನು ಸಾಮಾನ್ಯವಾಗಿ ಪಟ್ಟಿಯ ಅಡಿಯಲ್ಲಿ ತಳ್ಳುವ ರೂಢಿ ಅಲ್ಲಿ ನಗೆಪಾಟಲಾಗುತ್ತದೆ.

ಮೊದಲ ಹಂತದ ಮತದಾನದ ಸಂಜೆ ಆಯೋಗ ಹೇಳಿದ ಪ್ರಮಾಣ ಶೇ 60ರ ಆಸುಪಾಸು. ಏಪ್ರಿಲ್ 30ಕ್ಕೆ ಅದೇ ಹಂತದ ಅಂಕಿ ಶೇ 66.14 ಆಯಿತು. ಇದರ ಮೇಲೆ ದೇಶದಲ್ಲಿ ಎಷ್ಟು ಗಲಾಟೆಯಾಯಿತು, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು ಎನ್ನುವುದು ಗೊತ್ತೇ ಇದೆ. ವಿಶ್ವಕೋಶ ಮಾಡಬೇಕಾದ್ದು ಇಷ್ಟೇ: ಎರಡೂ ಅಂಕಿ ಬರೆದು, ಎರಡಕ್ಕೂ ದಿನಾಂಕ ಹಾಕಿ, ಯಾರು ಏನು ಹೇಳಿದರು ಎಂದು ಮೂಲ ತೋರಿಸುವುದು. ‘ಅಕ್ರಮ’ ಎಂಬ ಪದವನ್ನೂ ಸೇರಿಸುವಂತಿಲ್ಲ, ‘ಗಲಾಟೆ ಏನೂ ಇರಲಿಲ್ಲ’ ಎಂದೂ ಒರೆಸುವಂತಿಲ್ಲ. ಎಕ್ಸಿಟ್ ಪೋಲ್‌ಗಳದ್ದೂ ಇದೇ ಕತೆ. ಜೂನ್ 1ರ ಸಂಜೆ ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನ ಕೊಟ್ಟ ಸಮೀಕ್ಷೆಗಳೇ ಜಾಸ್ತಿ, ಬಂದದ್ದು 293. ಸುಳ್ಳಾದವಲ್ಲ, ಅಳಿಸಿಬಿಡೋಣ ಎಂದು ಹೊಸಬರು ಕೇಳುತ್ತಾರೆ. ಅಳಿಸಬಾರದು. ಹಾಗೆ ಹೇಳಲಾಗಿತ್ತು ಎನ್ನುವುದೂ ಆ ಚುನಾವಣೆಯ ಇತಿಹಾಸವೇ.

ನಮ್ಮ ರಾಜ್ಯದ ಪುಟದಲ್ಲಿ ಅಂತಿಮ ಲೆಕ್ಕ ಸುಲಭ: ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ‘ಕಳೆದ ಬಾರಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ’ ಎಂಬ ಕಾಲಂಗೆ ಬಂದಾಗ ತಲೆ ಕೆರೆದುಕೊಳ್ಳಬೇಕು. 2019ರಲ್ಲಿ ಜೆಡಿಎಸ್ ಗೆದ್ದ ಹಾಸನ ಕಾಂಗ್ರೆಸ್ ಜತೆಗಿನ ಮೈತ್ರಿಯ ಲೆಕ್ಕದಲ್ಲಿತ್ತು. 2024ರಲ್ಲಿ ಅದೇ ಪಕ್ಷ ಗೆದ್ದ ಮಂಡ್ಯ, ಕೋಲಾರ ಎನ್‌ಡಿಎ ಖಾತೆಗೆ ಹೋಗಬೇಕು. ಪಕ್ಷದ ಕಾಲಂ ಒಂದು ಕತೆ ಹೇಳಿದರೆ ಮೈತ್ರಿಯ ಕಾಲಂ ಇನ್ನೊಂದು ಹೇಳುತ್ತದೆ. ಮಹಾರಾಷ್ಟ್ರದ ಪುಟ ತುಂಬುವವರ ಪಾಡು ನೆನೆದು ನಾವು ಸಮಾಧಾನ ಮಾಡಿಕೊಂಡೆವು. ಅಲ್ಲಿ ಎರಡು ಶಿವಸೇನೆ, ಎರಡು ಎನ್‌ಸಿಪಿ. ಹಳೆಯ ಸೀಟುಗಳನ್ನು ಯಾರ ಹೆಸರಿಗೆ ಬರೆಯುತ್ತೀರಿ?

ಇನ್ನು ಹೆಸರುಗಳು. ಈ ತಾಪತ್ರಯ ಇಂಗ್ಲಿಷ್‌ನಲ್ಲಿ ಬರೆಯುವವರಿಗಿಲ್ಲ. ಆಯೋಗದ ಫಲಿತಾಂಶದ ಜಾಲತಾಣದಲ್ಲಿ ನಾನು ಓದುವ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ. ಜಿಗಜಿಣಗಿ ಎನ್ನುವಲ್ಲಿ ‘ಣ’ ಬರುತ್ತದೆ ಎಂದು ವಿಜಯಪುರದವರಿಗೆ ಹೇಳಿಕೊಡಬೇಕಿಲ್ಲ, ಆದರೆ ಇಂಗ್ಲಿಷ್ ಹಾಳೆ ನೋಡಿ ಬರೆಯುವ ಹುಡುಗ ‘ಜಿಗಜಿನಗಿ’ ಎಂದೇ ಬರೆಯುತ್ತಾನೆ. ಪ್ರಸಿದ್ಧರ ವಿಷಯ ಬಿಡಿ, ಪತ್ರಿಕೆ ನೋಡಿ ತಿದ್ದಬಹುದು. ಮುನ್ನೂರೋ ನಾನೂರೋ ಮತ ಪಡೆದ ಪಕ್ಷೇತರರ ಹೆಸರನ್ನು ಎಲ್ಲಿ ನೋಡುವುದು? ಅದಕ್ಕೆ ದಾರಿ ನಮೂನೆ 7ಎ. ಹಿಂತೆಗೆದುಕೊಳ್ಳುವ ಗಡುವು ಮುಗಿದ ಮೇಲೆ ಚುನಾವಣಾಧಿಕಾರಿ ಹೊರಡಿಸುವ ಅಂತಿಮ ಅಭ್ಯರ್ಥಿಗಳ ಪಟ್ಟಿ ಇದು. ನಮ್ಮಲ್ಲಿ ಕನ್ನಡದಲ್ಲಿ, ಕನ್ನಡ ಅಕ್ಷರಮಾಲೆಯ ಕ್ರಮದಲ್ಲೇ ಇರುತ್ತದೆ. ಹೀಗೆ ಒಬ್ಬೊಬ್ಬರ ಹೆಸರು ಸರಿಪಡಿಸುತ್ತ ಕೂತಾಗ ಗೆಳೆಯನೊಬ್ಬ, “ಡೆಪಾಸಿಟ್ ಕಳಕೊಂಡೋರ ಹೆಸರಿಗೆ ಇಷ್ಟು ಒದ್ದಾಟ ಬೇಕಾ?” ಎಂದ. 25 ಸಾವಿರ ರೂಪಾಯಿ ಕಟ್ಟಿ, ಸಹಿ ಹಾಕಿ ನಿಂತವರು ಅವರು. ಹೆಸರಾದರೂ ಸರಿಯಾಗಿರಲಿ ಎಂದೆ.

ಡೆಪಾಸಿಟ್ ಎಂದಾಗ ಬೆಳಗಾವಿ ಹೇಳದಿದ್ದರೆ ಆಗದು. 1996ರಲ್ಲಿ ಅಲ್ಲಿ 456 ಅಭ್ಯರ್ಥಿಗಳು ಕಣದಲ್ಲಿದ್ದರು. ಹೆಚ್ಚಿನವರು ಗಡಿ ವಿವಾದದ ಹೆಸರಿನಲ್ಲಿ ಪ್ರತಿಭಟನೆಗೆಂದು ನಿಂತವರು. ಆ ವರ್ಷ ಅದನ್ನೂ ಮೀರಿಸಿದ್ದು ಆಂಧ್ರದ ನಲ್ಗೊಂಡ, 480. ಆಗ ಠೇವಣಿ ಬರೀ 500 ರೂಪಾಯಿ, ಆಮೇಲೆ ಅದೇ ವರ್ಷ 10 ಸಾವಿರಕ್ಕೆ ಏರಿತು. ವಿಕಿಪೀಡಿಯದಲ್ಲಿ 456 ಸಾಲುಗಳ ಕೋಷ್ಟಕ ಹಾಕಿದರೆ ಮೊಬೈಲ್‌ನಲ್ಲಿ ಹೆಬ್ಬೆರಳು ಸವೆಯಬೇಕು. ಮೊದಲ ಕೆಲವರನ್ನು ಇಟ್ಟು ಉಳಿದವರನ್ನು ‘ಇತರರು’ ಎಂದರೆ, ಆ ಚುನಾವಣೆಯಲ್ಲಿ ನೆನಪಿಡಬೇಕಾದ ಸಂಗತಿಯೇ ‘ಇತರರು’ ಒಳಗೆ ಮುಚ್ಚಿಹೋಗುತ್ತದೆ. ಕೋಷ್ಟಕ ಗಿಡ್ಡಗಿರಲಿ, ಮೇಲೆ ಒಂದು ಪ್ಯಾರಾ ಗದ್ಯ ಇರಲಿ ಎಂಬುದು ನನ್ನ ಅಭಿಪ್ರಾಯ.

ಇಂಥ ಚರ್ಚೆಗಳಿಗೆಂದೇ ಕನ್ನಡ ವಿಕಿಪೀಡಿಯದಲ್ಲಿ ಒಂದು ಪುಟವಿದೆ, ಹೆಸರು ‘ಅರಳಿ ಕಟ್ಟೆ’. ಊರಿನ ಅರಳಿ ಕಟ್ಟೆಯಲ್ಲಿ ಚುನಾವಣೆಯ ಬಗ್ಗೆ ಏನು ಬೇಕಾದರೂ ಮಾತಾಡಿ ಎದ್ದು ಹೋಗಬಹುದು. ಇಲ್ಲಿ ಪ್ರತಿ ಮಾತಿನ ಕೆಳಗೆ ಸಹಿ, ಸಮಯ ಬೀಳುತ್ತದೆ. ಪುಟದ ‘ಇತಿಹಾಸ’ ಒತ್ತಿದರೆ ಯಾರು, ಯಾವಾಗ, ಯಾವ ಅಕ್ಷರ ಬದಲಿಸಿದರು ಎನ್ನುವುದೂ ಕಾಣುತ್ತದೆ.

ನನಗೆ ಮನೆಯಲ್ಲಿ ಜಗಳ ತಂದದ್ದು ಈ ‘ಇತಿಹಾಸ’ವೇ. ಒಬ್ಬ ಅಭ್ಯರ್ಥಿಯ ಪುಟದಲ್ಲಿ, ಅವರೇ ನಾಮಪತ್ರದ ಜತೆ ಕೊಟ್ಟ ಅಫಿಡವಿಟ್ ಆಧರಿಸಿ, ವಿಚಾರಣೆಯಲ್ಲಿರುವ ಪ್ರಕರಣದ ಬಗ್ಗೆ ಒಂದು ಸಾಲಿತ್ತು. 2002ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಇಂಥ ವಿವರ ಘೋಷಿಸುವುದು ಕಡ್ಡಾಯವಾಗಿದೆ, ಯಾರು ಬೇಕಾದರೂ ನೋಡಬಹುದು. ಯಾರೋ ಆ ಸಾಲು ಅಳಿಸಿದರು. ಮೂಲದ ಸಮೇತ ನಾನು ಮತ್ತೆ ಹಾಕಿದೆ. ಮತ್ತೆ ಅಳಿಸಿದರು. ನಾಲ್ಕನೇ ಸಲ ಹಾಕಿದಾಗ ಮಾವ ಮನೆಗೆ ಬಂದರು. ಅಮ್ಮನ ತಮ್ಮ, ಆ ಅಭ್ಯರ್ಥಿಯ ಪರ ಹಳ್ಳಿಹಳ್ಳಿ ಸುತ್ತಿದವರು. “ಅಲ್ವೋ, ಒಂದು ಸಾಲು ಬಿಟ್ರೆ ನಿನ್ನ ಗಂಟೇನು ಹೋಗುತ್ತೆ? ನೀನೂ ಓಟು ಹಾಕಿದ್ದು ನಮ್ಮೋರಿಗೇ ತಾನೆ?”

ಹಾಕಿದ್ದು ಅವರಿಗೇ. ಹಾಗಂತಲೇ ಆ ಸಾಲು ನನಗೂ ಹಿತವಾಗಿರಲಿಲ್ಲ. “ಅದು ಅವರೇ ಸಹಿ ಮಾಡಿ ಕೊಟ್ಟಿರೋದು ಮಾವ, ನಾನು ಕಟ್ಟಿದ್ದಲ್ಲ” ಎಂದೆ. ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅದೇ ವಾರ ಎದುರು ಪಾಳಯದ ಒಬ್ಬರು ಬಂದು ಅದೇ ಸಾಲನ್ನು ತಿದ್ದಿ ‘ಕ್ರಿಮಿನಲ್ ಹಿನ್ನೆಲೆಯ ರಾಜಕಾರಣಿ’ ಎಂದು ಲೇಖನದ ಮೊದಲ ವಾಕ್ಯಕ್ಕೇ ಏರಿಸಿದ್ದರು. ಅದನ್ನು ತೆಗೆದವನೂ ನಾನೇ. ಪ್ರಕರಣ ಇದೆ ಎಂದರೆ ಅಪರಾಧ ಸಾಬೀತಾಗಿದೆ ಎಂದಲ್ಲ. ಬದುಕಿರುವ ವ್ಯಕ್ತಿಯ ಬಗ್ಗೆ ಬರೆಯುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮಾವನಿಗೆ ಆ ಎರಡನೇ ಬದಲಾವಣೆಯನ್ನೂ ಮೊಬೈಲ್‌ನಲ್ಲಿ ತೋರಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ. ನನ್ನ ಕೆಲಸಕ್ಕೆಂದು ಅವರು ಯಾರ ಹತ್ತಿರವೋ ಮಾತಾಡಿಟ್ಟಿದ್ದರು, ಆ ಮಾತು ಅಲ್ಲಿಗೇ ನಿಂತಿತು. ಸಾಲು ಈಗಲೂ ಪುಟದಲ್ಲಿದೆ.

“ಇದರಿಂದ ಏನು ಸಿಗುತ್ತೆ?” ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ: ದುಡ್ಡು ಸಿಗುವುದಿಲ್ಲ. ರೆಸ್ಯೂಮೆಯಲ್ಲಿ ಒಂದು ಸಾಲು ಬರೆದುಕೊಳ್ಳಬಹುದು, ಸಂದರ್ಶನದಲ್ಲಿ ಕೇಳುತ್ತಾರೋ ಇಲ್ಲವೋ. ಪರೀಕ್ಷೆಗೆ ಓದುವವರಿಗೆ ಒಂದು ಲಾಭವಿದೆ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಗೆದ್ದರು ಎಂದು ಗೈಡ್ ನೋಡಿ ಬಾಯಿಪಾಠ ಮಾಡುವುದು ಬೇರೆ. 1977ರ ಸಾರ್ವತ್ರಿಕ ಚುನಾವಣೆಯಲ್ಲಿ ಗೆದ್ದವರು ಡಿ.ಬಿ. ಚಂದ್ರೇಗೌಡ, ಅವರು ರಾಜೀನಾಮೆ ಕೊಟ್ಟಿದ್ದರಿಂದ ಉಪಚುನಾವಣೆ, ಹಾಗಾಗಿ ಒಂದೇ ಲೋಕಸಭೆಯ ಅವಧಿಗೆ ಎರಡು ಸಾಲು ಬೇಕು ಎಂದು ಕೋಷ್ಟಕ ಕಟ್ಟುತ್ತ ತಿಳಿಯುವುದು ಬೇರೆ. ಹಾಗೆ ತಿಳಿದದ್ದು ಮರೆಯುವುದಿಲ್ಲ.

ಇನ್ನೊಂದು ತುರ್ತು ಇದೆ. ಆಯೋಗದ ಫಲಿತಾಂಶದ ಪುಟಗಳು ಮುಂದಿನ ಚುನಾವಣೆ ಬಂದಾಗ ಹೊಸದಕ್ಕೆ ಜಾಗ ಬಿಡುತ್ತವೆ. ಹಳೆಯ ಕೊಂಡಿ ಒತ್ತಿದರೆ ಏನೂ ಸಿಗದು. ಅದಕ್ಕೇ ಉಲ್ಲೇಖ ಕೊಡುವಾಗಲೇ ಆ ಪುಟದ ಪ್ರತಿಯನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿಸಿಡಬೇಕು. ಎರಡು ನಿಮಿಷದ ಕೆಲಸ, ಬೇಸರದ ಕೆಲಸ. ಲೇಖನ ಬರೆಯಲು ಹೆದರುವವರು ಇದೊಂದನ್ನು ಮಾಡಿದರೂ ದೊಡ್ಡ ಉಪಕಾರ.

2024ರ ಪುಟಗಳು ಒಂದು ಹದಕ್ಕೆ ಬಂದ ಮೇಲೆ ನಾನು ಹಿಂದಕ್ಕೆ ಹೊರಟೆ. 1951–52ರ ಮೊದಲ ಚುನಾವಣೆಯಲ್ಲಿ ಕನ್ನಡಿಗರ ಕ್ಷೇತ್ರಗಳನ್ನು ಒಂದೇ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೈಸೂರು ರಾಜ್ಯದ ಹೆಸರಿನಲ್ಲಿ ಇರುವುದು 11 ಸ್ಥಾನ. ಧಾರವಾಡ, ಬೆಳಗಾವಿ, ಬಿಜಾಪುರ ಬೇಕಾದರೆ ಮುಂಬೈ ರಾಜ್ಯದ ಹಾಳೆ ತೆರೆಯಬೇಕು, ದಕ್ಷಿಣ ಕನ್ನಡಕ್ಕೆ ಮದ್ರಾಸಿನದು, ಬೀದರ್, ಗುಲ್ಬರ್ಗ, ಯಾದಗಿರಿ, ಕುಷ್ಟಗಿಗೆ ಹೈದರಾಬಾದಿನದು. ಕೊಡಗು ಬೇರೆಯೇ ರಾಜ್ಯ, ಒಂದೇ ಸ್ಥಾನ. ಏಕೀಕರಣದ ಪಾಠವನ್ನು ಹೈಸ್ಕೂಲಿನಲ್ಲಿ ಓದಿದ್ದೆ. ಐದು ಕಡೆಯಿಂದ ಸಾಲು ಹೆಕ್ಕಿ ಒಂದು ಕೋಷ್ಟಕಕ್ಕೆ ತಂದಾಗ ಅದು ಬೇರೆಯೇ ಥರ ಅರ್ಥವಾಯಿತು.

ಸದ್ಯ 1957ರಲ್ಲಿದ್ದೇನೆ. ವಿಶಾಲ ಮೈಸೂರಿಗೆ 26 ಸ್ಥಾನ. ಗೆದ್ದವರ ಹೆಸರುಗಳು ಒಂದು ಮಟ್ಟಿಗೆ ಸರಿಯಾಗಿವೆ. ಸೋತವರ ಹೆಸರನ್ನು ಆಗ ಕನ್ನಡದಲ್ಲಿ ಹೇಗೆ ಬರೆಯುತ್ತಿದ್ದರು ಎಂದು ನೋಡಲು ಗ್ರಂಥಾಲಯದ ಮೇಲಿನ ಮಹಡಿಯಲ್ಲಿರುವ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿಸಬೇಕು. ಬೀಗದ ಕೈ ಇಟ್ಟುಕೊಂಡಿರುವವರು ರಜೆಯಲ್ಲಿದ್ದಾರಂತೆ, ಸೋಮವಾರ ಬಾ ಎಂದಿದ್ದಾರೆ.